ಮಗುವಿನ ಹಂಬಲ: ಮನೆಯಲ್ಲಿನ ಪ್ರಯತ್ನ, ಇರಬೇಕಾದ ಎಚ್ಚರ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಕಾಣದವರು ನಮ್ಮ ಸೀಮೆಯಲ್ಲಿ ಕಡಿಮೆ. 1938ರ ಏಪ್ರಿಲ್ 25ರಂದು ಸತ್ಯಾಗ್ರಹಿಗಳ ಮೇಲೆ ನಡೆದ ಗೋಲಿಬಾರಿನಿಂದ ಆ ಊರಿನ ಹೆಸರು ನಾಡಿನ ಚರಿತ್ರೆಯನ್ನು ಸೇರಿತು. ಆದರೆ ಜನ ಅಲ್ಲಿಗೆ ಇನ್ನೊಂದು ಕಾರಣಕ್ಕಾಗಿಯೂ ಬಹುಕಾಲದಿಂದ ಬರುತ್ತಿದ್ದಾರೆ. ಅಲ್ಲಿ ಸಾಲುಸಾಲಾಗಿ ನಿಂತಿರುವ ನಾಗರ ಕಲ್ಲುಗಳನ್ನು ನೋಡಿದವರಿಗೆ ಆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೊಂದು ಕಲ್ಲಿನ ಹಿಂದೆಯೂ ಒಂದು ಮನೆಯಿದೆ. ಆ ಮನೆಯಲ್ಲಿ ಬರಲಿರುವ ಮಗುವಿಗಾಗಿ ಕಾದ ಇಬ್ಬರಿದ್ದಾರೆ. ಅವರ ನಂಬಿಕೆಯನ್ನು ಕುರಿತು ನಾನು ಇಂದು ಏನನ್ನೂ ಹೇಳುವುದಿಲ್ಲ. ಹರಕೆ ಹೊತ್ತು ಮನೆಗೆ ಹಿಂದಿರುಗಿದ ಮೇಲೆ ಆ ಇಬ್ಬರೂ ತಾವೇ ಮಾಡಬಹುದಾದುದು ಏನು, ಮಾಡಬಾರದುದು ಏನು ಎಂಬುದಷ್ಟೇ ಇಂದಿನ ನನ್ನ ವಿಷಯ. ಅದರಲ್ಲಿಯೂ, ಪತಿಯ ವೀರ್ಯವನ್ನು ಮನೆಯಲ್ಲಿಯೇ ಪತ್ನಿಯ ಶರೀರದೊಳಕ್ಕೆ ಸೇರಿಸುವ ಸರಳ ವಿಧಾನವೊಂದನ್ನು ಕುರಿತು ವಿವರವಾಗಿ ಹೇಳಬೇಕೆಂದಿದ್ದೇನೆ. ಈ ಮಾತನ್ನು ಬಾಯಿಬಿಟ್ಟು ಕೇಳಲು ಸಂಕೋಚಪಡುವವರು ಬಹಳ. ಕೇಳದೆಯೇ ಮಾಡಹೋಗಿ ಅಪಾಯಕ್ಕೆ ಒಳಗಾಗುವ ಸಂಭವವೂ ಇದೆ. ಸಂಕೋಚವು ಎಚ್ಚರಕ್ಕೆ ಅಡ್ಡಿಯಾಗಬಾರದು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಿಕೊಳ್ಳೋಣ. ಮದುವೆಯಾಗಿ ಎರಡು ಯುಗಾದಿ ಕಳೆದು ತೊಟ್ಟಿಲು ತೂಗದಿದ್ದರೆ ಊರಿನ ಕಣ್ಣು ಬೀಳುವುದು ಹೆಣ್ಣಿನ ಮೇಲೆ. ಸೀಮಂತಕ್ಕೆ ಅವಳನ್ನು ಕರೆಯುವುದಿಲ್ಲ. ಕರೆದರೂ ಅವಳ ಕೈಯಿಂದ ಆರತಿ ಎತ್ತಿಸುವುದಿಲ್ಲ. ಗಂಡನಿಗೆ ಇನ್ನೊಂದು ಮದುವೆಯ ಮಾತು ಆಡುವ ಹಿರಿಯರೂ ಉಂಟು. ವಾಸ್ತವಾಂಶ ಬೇರೆಯೇ ಆಗಿದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ದೇಹಸ್ಥಿತಿಯೂ, ಒಂಟಿಯಾಗಿಯೋ ಹೆಂಡತಿಯದರೊಡನೆ ಸೇರಿಯೋ, ಕಾರಣವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ ಲೋಕದಲ್ಲಿ ಸುಮಾರು 6 ಮಂದಿ ವಯಸ್ಕರಲ್ಲಿ ಒಬ್ಬರು ಬಾಳಿನ ಯಾವುದೋ ಒಂದು ಹಂತದಲ್ಲಿ ಈ ಕಷ್ಟವನ್ನು ಕಾಣುತ್ತಾರೆ. ಬಡದೇಶ, ಸಿರಿವಂತ ದೇಶ ಎಂಬ ಭೇದ ಇದರಲ್ಲಿ ಹೆಚ್ಚೇನೂ ಇಲ್ಲ. ಆದುದರಿಂದ ಇದು ಶಾಪವಲ್ಲ, ಯಾರದೋ ಕರ್ಮಫಲವೂ ಅಲ್ಲ. ಇಬ್ಬರೂ ಕೂಡಿ ಕಾರಣವನ್ನು ಹುಡುಕಬೇಕಾದ ಒಂದು ದೇಹಸ್ಥಿತಿ.

ಎಷ್ಟು ಕಾಲ ಕಾಯಬೇಕು? ಯಾವ ನಿರೋಧಕವನ್ನೂ ಬಳಸದೆ ಒಂದು ವರ್ಷ ಕೂಡಿ ಬಾಳಿದ ಮೇಲೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳೇ ಸಾಕು. ಆರೋಗ್ಯವಂತ ದಂಪತಿಗಳಲ್ಲಿಯೂ ಯಾವುದೇ ಒಂದು ತಿಂಗಳಿನಲ್ಲಿ ಗರ್ಭ ನಿಲ್ಲುವ ಸಂಭವ ನಾಲ್ಕರಲ್ಲಿ ಒಂದು ಪಾಲನ್ನು ಮೀರುವುದು ಅಪರೂಪ. ಆದರೂ ಒಂದು ವರ್ಷದೊಳಗೆ 100 ದಂಪತಿಗಳಲ್ಲಿ 80ಕ್ಕಿಂತ ಹೆಚ್ಚು ಮಂದಿಗೆ ಗರ್ಭ ನಿಲ್ಲುತ್ತದೆ. ಒಂದು ತಿಂಗಳು ತಪ್ಪಿದುದನ್ನು ಸೋಲೆಂದು ತಿಳಿಯಬಾರದೆನ್ನುವುದಕ್ಕೆ ಈ ಲೆಕ್ಕವೇ ಆಧಾರ.

ಇನ್ನು ಮನೆಯಲ್ಲಿನ ಪ್ರಯತ್ನದ ವಿಚಾರ. ಇದು ಹೊಸದೇನಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ ನಗರದ ಬಟ್ಟೆ ವ್ಯಾಪಾರಿಯೊಬ್ಬನಿಗೆ ಜನನಾಂಗದಲ್ಲಿ ಹುಟ್ಟಿನಿಂದಲೇ ಒಂದು ನ್ಯೂನತೆಯಿತ್ತು. ಮೂತ್ರದ್ವಾರವು ತುದಿಯಲ್ಲಿರದೆ ಕೆಳಭಾಗದಲ್ಲಿತ್ತು. ವೀರ್ಯವು ಸೇರಬೇಕಾದ ಎಡೆಯನ್ನು ಸೇರುತ್ತಿರಲಿಲ್ಲ. ಜಾನ್ ಹಂಟರ್ ಎಂಬ ಪ್ರಸಿದ್ಧ ಶಸ್ತ್ರವೈದ್ಯ, ಬೆಚ್ಚಗಿನ ಪಿಚಕಾರಿಯೊಂದರಲ್ಲಿ ವೀರ್ಯವನ್ನು ತೆಗೆದುಕೊಂಡು ಹೆಂಡತಿಯ ಯೋನಿಯೊಳಕ್ಕೆ ಬಿಡುವಂತೆ ಅವನಿಗೆ ಸಲಹೆ ಕೊಟ್ಟನು. ಆಕೆ ಗರ್ಭ ಧರಿಸಿದಳು. ಹಂಟರ್ ತೀರಿಕೊಂಡ ಮೇಲೆ, 1799ರಲ್ಲಿ, ಅವನ ಭಾವಮೈದುನ ಎವರಾರ್ಡ್ ಹೋಮ್ ಈ ಸಂಗತಿಯನ್ನು ವಿದ್ವಾಂಸರ ಮುಂದಿಟ್ಟನು. ವೈದ್ಯಗ್ರಂಥಗಳು ಮನುಷ್ಯರಲ್ಲಿ ನಡೆದ ಕೃತಕ ಗರ್ಭಧಾರಣೆಯ ಮೊದಲ ದಾಖಲೆಯೆಂದು ಸಾಮಾನ್ಯವಾಗಿ ಹೇಳುವುದು ಇದನ್ನೇ.

ಈ ಕಥೆಯಲ್ಲಿ ಗಮನಿಸಬೇಕಾದ ಅಂಶ ಒಂದುಂಟು. ಆ ವ್ಯಾಪಾರಿಯ ವೀರ್ಯದಲ್ಲಿ ದೋಷವಿರಲಿಲ್ಲ, ಹೆಂಡತಿಯ ಗರ್ಭಕೋಶದಲ್ಲಿಯೂ ದೋಷವಿರಲಿಲ್ಲ. ಒಂದು ಇನ್ನೊಂದನ್ನು ಮುಟ್ಟುವ ದಾರಿಯಲ್ಲಿ ಮಾತ್ರ ಅಡ್ಡಿಯಿತ್ತು. ಮನೆಯ ವಿಧಾನ ಯಾರಿಗೆ ಉಪಯುಕ್ತ ಎಂಬುದಕ್ಕೆ ಇದೇ ಉತ್ತರ. ಕೂಡುವ ಸಮಯದಲ್ಲಿ ಗಂಡನಿಗೆ ನಿಮಿರುವಿಕೆ ನಿಲ್ಲದೆ ಹೋಗಬಹುದು, ಅಥವಾ ಒಳಗೆ ಸ್ಖಲನವಾಗದೆ ಇರಬಹುದು. ಹೆಂಡತಿಗೆ ಯೋನಿಯ ಸ್ನಾಯುಗಳು ತಾವಾಗಿಯೇ ಬಿಗಿದುಕೊಂಡು ಕೂಟವೇ ಅಸಾಧ್ಯವಾಗುವಷ್ಟು ನೋವಾಗಬಹುದು. ಮದುವೆಯಾಗಿ ವರ್ಷಗಳು ಸಂದರೂ ಕೂಟವೇ ನಡೆಯದ ದಂಪತಿಗಳು ನಾವು ಎಣಿಸುವುದಕ್ಕಿಂತ ಹೆಚ್ಚು. ಅವರು ಯಾರೊಡನೆಯೂ ಹೇಳಿಕೊಳ್ಳಲಾರರು. ಈ ತೊಂದರೆಗಳಿಗೆಲ್ಲ ಬೇರೆ ಚಿಕಿತ್ಸೆಗಳಿವೆ, ಅವನ್ನು ಪಡೆಯಲೇಬೇಕು. ಆದರೆ ಚಿಕಿತ್ಸೆ ಮುಗಿಯುವ ತನಕ ಮಗುವಿನ ಆಸೆಯನ್ನು ಮುಂದೂಡಬೇಕಾಗಿಲ್ಲ. ಅಂಥವರಿಗೆ ಈ ವಿಧಾನ ಒಂದು ಆಸರೆ.

ವೀರ್ಯಾಣುಗಳ ಸಂಖ್ಯೆ ಕಡಿಮೆಯಿದ್ದರೆ, ಅಂಡನಾಳಗಳು ಮುಚ್ಚಿದ್ದರೆ, ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುವಂತಿದ್ದರೆ ಈ ವಿಧಾನದಿಂದ ಪ್ರಯೋಜನವಿಲ್ಲ. ಪಿಚಕಾರಿಯು ವೀರ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಲ್ಲದೇ ಹೊರತು ಅದರ ಗುಣವನ್ನು ಹೆಚ್ಚಿಸಲಾರದು. ಸರಿಯಾಗಿ ಕೂಡುತ್ತಿರುವ ದಂಪತಿಗಳಿಗೂ ಇದರಿಂದ ಹೆಚ್ಚಿನ ಲಾಭವಿಲ್ಲ.

ನಮ್ಮ ಜನಕ್ಕೆ ಕೃತಕ ಗರ್ಭಧಾರಣೆ ಎಂಬ ಮಾತು ಅಪರಿಚಿತವಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಹಳ್ಳಿಗಳಲ್ಲಿ ಹಾಲಿನ ಡೇರಿಗೆ ಹಾಲು ಹಾಕುವ ರೈತನಿಗೆ ಹಸು ಬೆದೆಗೆ ಬಂದುದನ್ನು ಗುರುತಿಸಲು ಗೊತ್ತು; ಬೆಳಿಗ್ಗೆ ಬೆದೆ ಕಂಡರೆ ಸಂಜೆ ಇಂಜೆಕ್ಷನ್ ಕೊಡಿಸಬೇಕೆಂಬ ಲೆಕ್ಕವೂ ಗೊತ್ತು. ಈ ಪರಿಚಯದಿಂದ ಎರಡು ಕೆಡುಕುಗಳು ಸಂಭವಿಸಬಹುದು. ಮೊದಲನೆಯದು ಮನಸ್ಸಿನದು. ‘ನನ್ನನ್ನು ದನದಂತೆ ಕಂಡರು’ ಎಂಬ ನೋವು ಹೆಣ್ಣಿಗೆ ಉಂಟಾದೀತು. ಈ ಕೆಲಸದಲ್ಲಿ ಅವಳ ಇಚ್ಛೆಯೇ ಮೊದಲು ಎಂಬುದನ್ನು ಗಂಡನಾದವನು ನಡೆನುಡಿಗಳಲ್ಲಿ ತೋರಿಸಬೇಕು. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದುದು. ಹಸುವಿಗೆ ಉದ್ದನೆಯ ಕೊಳವೆಯೊಂದನ್ನು ಗರ್ಭಕಂಠದ ಮೂಲಕ ತೂರಿಸಿ ಗರ್ಭಕೋಶದ ಬಾಯಿಯೊಳಗೇ ವೀರ್ಯವನ್ನು ಬಿಡುತ್ತಾರೆ. ಮನುಷ್ಯರಲ್ಲಿ ಮನೆಯ ಮಟ್ಟಿಗೆ ಇದನ್ನು ಎಂದಿಗೂ ಮಾಡಕೂಡದು. ಸಂಸ್ಕರಿಸದ ವೀರ್ಯ ನೇರವಾಗಿ ಗರ್ಭಕೋಶಕ್ಕೆ ಹೋದರೆ ಅದರಲ್ಲಿರುವ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳಿಂದ ತೀವ್ರವಾದ ಹೊಟ್ಟೆನೋವು ಹುಟ್ಟುತ್ತದೆ. ಸೋಂಕು ಗರ್ಭಕೋಶಕ್ಕೂ ಅಂಡನಾಳಕ್ಕೂ ಹರಡಬಹುದು. ಕೊಳವೆಯಿಂದ ಗಾಯವೂ ಆದೀತು. ಆಸ್ಪತ್ರೆಯಲ್ಲಿ ವೀರ್ಯವನ್ನು ಪ್ರಯೋಗಾಲಯದಲ್ಲಿ ತೊಳೆದು, ಚುರುಕಾದ ವೀರ್ಯಾಣುಗಳನ್ನು ಮಾತ್ರ ಬೇರ್ಪಡಿಸಿ, ಆಮೇಲೆ ಗರ್ಭಕೋಶಕ್ಕೆ ಸೇರಿಸುತ್ತಾರೆ. ಐಯುಐ ಎಂಬ ಹೆಸರಿನಿಂದ ಕರೆಯುವ ಆ ಚಿಕಿತ್ಸೆ ಬೇರೆ, ನಾನು ಹೇಳುತ್ತಿರುವ ಮನೆಯ ವಿಧಾನ ಬೇರೆ. ಮನೆಯಲ್ಲಿ ವೀರ್ಯ ಸೇರಬೇಕಾದುದು ಯೋನಿಯನ್ನು ಮಾತ್ರ. ಅಲ್ಲಿಂದ ಮುಂದಿನ ದಾರಿಯನ್ನು ವೀರ್ಯಾಣುಗಳು ತಾವೇ ಕ್ರಮಿಸುತ್ತವೆ.

ಪ್ರಯತ್ನಕ್ಕೆ ಮುನ್ನ ಇಬ್ಬರಿಗೂ ಪರೀಕ್ಷೆಯಾಗಬೇಕು. ಮೊದಲು ಗಂಡನಿಂದ ಆರಂಭಿಸುವುದು ವಿವೇಕ, ಏಕೆಂದರೆ ಅವನ ಪರೀಕ್ಷೆ ಸುಲಭ, ನೋವಿಲ್ಲದ್ದು, ಅಗ್ಗದ್ದು. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಇದ್ದು, ಪ್ರಯೋಗಾಲಯದಲ್ಲಿ ಕೊಡುವ ಬಟ್ಟಲಿನಲ್ಲಿ ವೀರ್ಯವನ್ನು ಹಿಡಿದು ಕೊಟ್ಟರೆ ಆಯಿತು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣುಗಳು, ಅವುಗಳಲ್ಲಿ ಚಲಿಸುವಂಥವು 100ಕ್ಕೆ 42 – ಇವು ಕೆಳಗಿನ ಗಡಿಗಳು. ಅವುಗಳಿಗಿಂತ ಕಡಿಮೆ ಬಂದ ಮಾತ್ರಕ್ಕೆ ಮಕ್ಕಳಾಗುವುದಿಲ್ಲವೆಂದಲ್ಲ. ಇನ್ನೊಮ್ಮೆ ಪರೀಕ್ಷಿಸಿ ವೈದ್ಯರ ಸಲಹೆ ಪಡೆಯಬೇಕೆಂದಷ್ಟೇ ಅರ್ಥ. ಪರೀಕ್ಷೆಗೆ ಒಪ್ಪದ ಗಂಡಂದಿರುಂಟು. ತನ್ನನ್ನು ಪರೀಕ್ಷಿಸಿಕೊಳ್ಳದೆ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ಪುರುಷತನದ ಲಕ್ಷಣವಲ್ಲವೆಂದು ಅವರಿಗೆ ವಿನಯದಿಂದ ಹೇಳಬಯಸುತ್ತೇನೆ.

ನಮ್ಮ ಸೀಮೆಯ ಕಸುಬುಗಳಿಗೂ ಇದಕ್ಕೂ ಸಂಬಂಧವಿದೆ. ವೃಷಣಗಳು ದೇಹದ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಿದ್ದರೆ ಮಾತ್ರ ವೀರ್ಯಾಣುಗಳ ಉತ್ಪತ್ತಿ ಸರಿಯಾಗಿ ನಡೆಯುತ್ತದೆ. ಪ್ರಕೃತಿ ಅವನ್ನು ದೇಹದ ಹೊರಗೆ ಇರಿಸಿರುವುದು ಅದಕ್ಕಾಗಿಯೇ. ರೇಷ್ಮೆಗೂಡು ಬೇಯಿಸುವ ಒಲೆಯ ಮುಂದೆ ದಿನವಿಡೀ ಕೂರುವವರು, ಕುಲುಮೆಯ ಬಳಿ ದುಡಿಯುವವರು ಆಗಾಗ ಎದ್ದು ಗಾಳಿಗೆ ಹೋಗಬೇಕು, ಬಿಗಿಯಾದ ಉಡುಪನ್ನು ಬಿಡಬೇಕು. ದ್ರಾಕ್ಷಿ, ಟೊಮೇಟೊ, ಹೂವಿನ ತೋಟಗಳಲ್ಲಿ ಔಷಧ ಸಿಂಪಡಿಸುವವರು ಕೈಗವಸು, ಮುಖಗವಸುಗಳಿಲ್ಲದೆ ಆ ಕೆಲಸ ಮಾಡಬಾರದು. 1977ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಎಂಬ ಕೀಟನಾಶಕವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಕಾರ್ಮಿಕರು ತಮ್ಮಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲವೆಂದು ಮಾತಾಡಿಕೊಂಡು ಪರೀಕ್ಷೆಗೆ ಒಳಗಾದಾಗ, ಹಲವರಲ್ಲಿ ವೀರ್ಯಾಣುಗಳೇ ಇಲ್ಲದ ಸಂಗತಿ ಹೊರಬಿದ್ದಿತು. ಆ ರಾಸಾಯನಿಕ ಬಳಕೆಯಿಂದ ಹೋಯಿತು, ಪಾಠ ಉಳಿದಿದೆ. ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯಗಳನ್ನೂ ಬಿಡಬೇಕು. ವೀರ್ಯಾಣು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಹಿಡಿಯುವುದರಿಂದ, ಇಂದು ಬಿಟ್ಟ ಚಟದ ಫಲ ಕಾಣಲು ಮೂರು ತಿಂಗಳಾದರೂ ಬೇಕು.

ಹೆಂಡತಿ ಗರ್ಭಕ್ಕೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ತೆಗೆದುಕೊಳ್ಳತಕ್ಕದ್ದು. ಮಗುವಿನ ಬೆನ್ನುಹುರಿಯ ದೋಷಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ರಕ್ತಹೀನತೆ, ಸಕ್ಕರೆ, ಥೈರಾಯಿಡ್, ರಕ್ತದೊತ್ತಡಗಳ ಪರೀಕ್ಷೆಯಾಗಲಿ. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಹಾಕಿಸಿಕೊಂಡು ಒಂದು ತಿಂಗಳು ಕಾಯಬೇಕು. ಇಬ್ಬರಿಗೂ ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳಾಗಲಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಗೋಪ್ಯ. ಹಿಂದೆ ಕ್ಷಯ ಬಂದಿದ್ದವರು, ಕಿಬ್ಬೊಟ್ಟೆಯ ಸೋಂಕು ಅಥವಾ ಶಸ್ತ್ರಚಿಕಿತ್ಸೆ ಆಗಿದ್ದವರು, ಮುಟ್ಟಿನಲ್ಲಿ ವಿಪರೀತ ನೋವಿರುವವರು ವೈದ್ಯರನ್ನು ಕಾಣದೆ ಮನೆಯ ಪ್ರಯತ್ನಕ್ಕೆ ತೊಡಗಬಾರದು. ನಮ್ಮ ದೇಶದಲ್ಲಿ ಅಂಡನಾಳ ಮುಚ್ಚುವುದಕ್ಕೆ ಜನನಾಂಗದ ಕ್ಷಯ ಒಂದು ಮುಖ್ಯ ಕಾರಣ. ಅದು ಯಾವ ಕುರುಹನ್ನೂ ತೋರಿಸದೆ ಇರಬಲ್ಲದು.

ಇನ್ನು ಕಾಲನಿರ್ಣಯ. ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸುವುದು ಸುಲಭ. ನಾಲ್ಕು ಜ್ವರ ಕಳೆದು ಹುಳು ಹಣ್ಣಾದ ಮೇಲೆ ಅದನ್ನು ಚಂದ್ರಿಕೆಗೆ ಬಿಡಬೇಕು. ಮುಂಚಿತವಾಗಿ ಬಿಟ್ಟರೆ ಗೂಡು ಕಟ್ಟದು; ತಡಮಾಡಿದರೆ ನೂಲು ವ್ಯರ್ಥವಾಗುತ್ತದೆ. ಹೆಣ್ಣಿನ ದೇಹದಲ್ಲಿಯೂ ಹಾಗೆಯೇ ತಿಂಗಳಿಗೊಮ್ಮೆ ಅಂಡಾಣುವೊಂದು ಹಣ್ಣಾಗಿ ಹೊರಬೀಳುತ್ತದೆ. ಅದರ ಆಯುಸ್ಸು 12ರಿಂದ 24 ಗಂಟೆ ಮಾತ್ರ. ವೀರ್ಯಾಣುವಾದರೋ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೆ ಬದುಕಿರಬಲ್ಲದು. ಆದುದರಿಂದ ಅಂಡಾಣು ಹೊರಬೀಳುವ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳಷ್ಟೇ ಗರ್ಭ ನಿಲ್ಲಲು ಸಾಧ್ಯವಿರುವ ಕಾಲ. ಅಂಡೋತ್ಪತ್ತಿ ಆಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. 28 ದಿನಗಳ ಚಕ್ರವಿರುವವರಲ್ಲಿ, ಮುಟ್ಟಾದ ಮೊದಲ ದಿನದಿಂದ ಎಣಿಸಿ, 14ನೆಯ ದಿನದ ಆಸುಪಾಸು. 32 ದಿನಗಳ ಚಕ್ರದವರಲ್ಲಿ 18ನೆಯ ದಿನದ ಆಸುಪಾಸು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ನಾಲ್ಕು ತಿಂಗಳು ಗುರುತು ಹಾಕಿಕೊಂಡು ಬಂದರೆ ತನ್ನ ಚಕ್ರದ ಅಂದಾಜು ಯಾವ ಹೆಣ್ಣಿಗೂ ಸಿಗುತ್ತದೆ.

ಹಸುವಿನ ಬೆದೆಯಂತೆ ಹೊರಗೆ ಕಾಣದಿದ್ದರೂ ಮನುಷ್ಯರಲ್ಲಿಯೂ ಕುರುಹುಗಳಿವೆ. ಅಂಡೋತ್ಪತ್ತಿಯ ಹಿಂದಿನ ದಿನಗಳಲ್ಲಿ ಯೋನಿಯ ಲೋಳೆ ತೆಳ್ಳಗೆ, ಪಾರದರ್ಶಕವಾಗಿ, ಹಸಿ ಮೊಟ್ಟೆಯ ಬಿಳಿಯಂತೆ ಎಳೆಯಾಗಿ ಬರುತ್ತದೆ. ಔಷಧದ ಅಂಗಡಿಗಳಲ್ಲಿ ದೊರೆಯುವ ಅಂಡೋತ್ಪತ್ತಿ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡಿದರೆ, ಎಲ್‌ಎಚ್ ಎಂಬ ಹಾರ್ಮೋನು ಏರಿದುದನ್ನು ಅದು ತೋರಿಸುತ್ತದೆ. ಅಲ್ಲಿಂದ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡಾಣು ಹೊರಬೀಳುತ್ತದೆ. ಬೆಳಗಿನ ಮೈಶಾಖವನ್ನು ಅಳೆಯುವ ಕ್ರಮವೂ ಉಂಟು. ಆದರೆ ಶಾಖ ಏರುವುದು ಅಂಡಾಣು ಬಿದ್ದ ಮೇಲೆ, ಆದುದರಿಂದ ಅದು ಕಳೆದ ಕಾಲವನ್ನು ತಿಳಿಸುತ್ತದೆಯೇ ಹೊರತು ಬರುವ ಕಾಲವನ್ನಲ್ಲ. ಲೋಳೆ ತೆಳ್ಳಗಾದ ದಿನದಿಂದ ದಿನ ಬಿಟ್ಟು ದಿನ ಒಂದು ಪ್ರಯತ್ನ, ಪಟ್ಟಿಯು ಕುರುಹು ತೋರಿದ ದಿನ ಒಂದು, ಮರುದಿನ ಒಂದು – ಇಷ್ಟು ಸಾಕು. ಅದಕ್ಕಿಂತ ಹೆಚ್ಚು ಮಾಡಿ ಇಬ್ಬರೂ ದಣಿಯಬೇಕಾಗಿಲ್ಲ.

ವಿಧಾನವನ್ನು ಈಗ ಕ್ರಮವಾಗಿ ಹೇಳುತ್ತೇನೆ. ಬೇಕಾದ ಸಾಮಗ್ರಿ ಎರಡೇ: ಔಷಧದ ಅಂಗಡಿಯಲ್ಲಿ ಸಿಗುವ, ಮುದ್ರೆ ಒಡೆಯದ, ಕ್ರಿಮಿಶುದ್ಧವಾದ ಅಗಲ ಬಾಯಿಯ ಪ್ಲಾಸ್ಟಿಕ್ ಬಟ್ಟಲು ಒಂದು, ಹಾಗೆಯೇ ಮುದ್ರೆ ಒಡೆಯದ 5 ಅಥವಾ 10 ಮಿಲಿಲೀಟರಿನ ಸಿರಿಂಜು ಒಂದು. ಸೂಜಿಯನ್ನು ಮೊದಲೇ ತೆಗೆದು ದೂರ ಇಡಬೇಕು. ಸೂಜಿಗೆ ಇಲ್ಲಿ ಕೆಲಸವಿಲ್ಲ. ಇಬ್ಬರೂ ಸೋಪಿನಿಂದ ಕೈ ತೊಳೆದು, ಸೋಪಿನ ಅಂಶ ಉಳಿಯದಂತೆ ನೀರು ಹುಯ್ದು, ಒರೆಸಿಕೊಳ್ಳಲಿ. ಗಂಡನು ಹಸ್ತಮೈಥುನದಿಂದ ವೀರ್ಯವನ್ನು ಬಟ್ಟಲಿನಲ್ಲಿ ಹಿಡಿಯಬೇಕು. ಎಣ್ಣೆ, ಕ್ರೀಮು, ಎಂಜಲು ಯಾವುದೂ ತಾಕಬಾರದು; ಇವು ವೀರ್ಯಾಣುಗಳಿಗೆ ಹಾನಿಕರ. ಸಾಮಾನ್ಯ ನಿರೋಧ್‌ಗಳಲ್ಲಿ ಹಿಡಿಯುವುದೂ ಸಲ್ಲದು. ಅವುಗಳ ಲೇಪನವೂ ಹಾಗೆಯೇ. ಮೊದಲು ಗಟ್ಟಿಯಾಗಿರುವ ವೀರ್ಯ 15ರಿಂದ 30 ನಿಮಿಷಗಳಲ್ಲಿ ತಾನಾಗಿ ತೆಳುವಾಗುತ್ತದೆ. ಅಲ್ಲಿಯ ತನಕ ಬಟ್ಟಲನ್ನು ಕೋಣೆಯ ಸಾಧಾರಣ ಶಾಖದಲ್ಲಿ ಮುಚ್ಚಿಡಬೇಕು. ಫ್ರಿಜ್ಜಿನಲ್ಲಿ ಇಡಬಾರದು, ಬಿಸಿನೀರಿನಲ್ಲಿಯೂ ಇಡಬಾರದು, ನೀರು ಬೆರೆಸಬಾರದು. ಒಟ್ಟಿನಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಯಲಿ.

ಸಿರಿಂಜಿಗೆ ವೀರ್ಯವನ್ನು ಮೆಲ್ಲಗೆ ಎಳೆದು, ತುದಿಯನ್ನು ಮೇಲೆ ಹಿಡಿದು, ಒಳಗಿನ ಗಾಳಿಯನ್ನು ಹೊರಗೆ ಹಾಕಬೇಕು. ಹೆಂಡತಿಯು ಸೊಂಟದ ಕೆಳಗೆ ದಿಂಬನ್ನಿಟ್ಟುಕೊಂಡು ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸಿರಿಂಜಿನ ತುದಿಯನ್ನು ನೋವಾಗದಷ್ಟು ದೂರ ಮಾತ್ರ ಒಳಗೆ ಸೇರಿಸಿಕೊಂಡು ನಿಧಾನವಾಗಿ ಒತ್ತಲಿ. ತಾನೇ ಮಾಡಿಕೊಳ್ಳಬೇಕೋ ಗಂಡನ ಕೈಯಿಂದ ಮಾಡಿಸಿಕೊಳ್ಳಬೇಕೋ ಎಂಬುದು ಅವಳ ಇಷ್ಟ. ತಡೆ ಕಂಡರೆ, ನೋವಾದರೆ, ಅಲ್ಲಿಗೇ ನಿಲ್ಲಿಸಬೇಕು. ಬಲಪ್ರಯೋಗ ಸರ್ವಥಾ ಕೂಡದು. ಸಿರಿಂಜಿಗೆ ಉದ್ದನೆಯ ಕೊಳವೆಯನ್ನು ಜೋಡಿಸಬಾರದೆಂದು ಮತ್ತೊಮ್ಮೆ ನೆನಪಿಸುತ್ತೇನೆ. ಆಮೇಲೆ ಹತ್ತು ಹದಿನೈದು ನಿಮಿಷ ಮಲಗಿದ್ದರೆ ಮನಸ್ಸಿಗೆ ಸಮಾಧಾನ. ಎದ್ದಾಗ ಸ್ವಲ್ಪ ಹೊರಗೆ ಜಾರುವುದು ಸಹಜ. ಕೂಟದ ಬಳಿಕವೂ ಹಾಗೆಯೇ ಆಗುತ್ತದೆ, ಅದರಿಂದ ನಷ್ಟವಿಲ್ಲ. ಕಾಲನ್ನು ಗೋಡೆಗೆತ್ತಿ ಗಂಟೆಗಟ್ಟಲೆ ಮಲಗಬೇಕಾಗಿಲ್ಲ, ದಿನದ ಕೆಲಸ ಬಿಡಬೇಕಾಗಿಲ್ಲ. ಬಳಸಿದ ಸಿರಿಂಜು, ಬಟ್ಟಲುಗಳನ್ನು ಎಸೆಯಬೇಕು. ತೊಳೆದು ಮತ್ತೆ ಬಳಸುವ ಮಿತವ್ಯಯ ಇಲ್ಲಿ ಬೇಡ. ಯೋನಿಯೊಳಗೆ ನೀರನ್ನಾಗಲಿ ಡೆಟಾಲನ್ನಾಗಲಿ ಹಾಕಿ ತೊಳೆಯಬಾರದು.

ಅನಂತರ ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ದುರ್ವಾಸನೆಯ ಸ್ರಾವ, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಏನು ಮಾಡಿದೆವೆಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು. ಮುಟ್ಟು ನಿಂತು, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವೋ ತಲೆಸುತ್ತೋ ಬಂದರೆ ಗರ್ಭ ಅಂಡನಾಳದಲ್ಲಿ ನಿಂತಿರಬಹುದು. ಅದು ಪ್ರಾಣಾಪಾಯದ ಸ್ಥಿತಿ. ಗರ್ಭದ ಪರೀಕ್ಷೆಯನ್ನು ಮುಟ್ಟಿನ ದಿನ ತಪ್ಪಿದ ಮೇಲೆಯೇ ಮಾಡಿಕೊಳ್ಳಬೇಕು. ಅದಕ್ಕೆ ಮುಂಚೆ ನೋಡಿದರೆ ಉತ್ತರ ನಂಬುವಂತಿರುವುದಿಲ್ಲ, ಆತಂಕ ಮಾತ್ರ ಹೆಚ್ಚುತ್ತದೆ. ಆರು ತಿಂಗಳು ಕ್ರಮವಾಗಿ ಮಾಡಿದರೂ ಗರ್ಭ ನಿಲ್ಲದಿದ್ದರೆ, ವಯಸ್ಸು 35 ದಾಟಿದ್ದರೆ ಮೂರು ತಿಂಗಳಲ್ಲಿಯೇ, ಮನೆಯ ಪ್ರಯತ್ನವನ್ನು ನಿಲ್ಲಿಸಿ ತಜ್ಞರನ್ನು ಕಾಣತಕ್ಕದ್ದು. ಈ ಗಡುವನ್ನು ಪ್ರಾರಂಭಕ್ಕೆ ಮೊದಲೇ ಇಬ್ಬರೂ ಕೂತು ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪತಿಯ ವೀರ್ಯದ ಮಾತು. ಅವನಲ್ಲಿ ವೀರ್ಯಾಣುಗಳೇ ಇಲ್ಲದಿದ್ದರೆ? ಇಲ್ಲಿ ವಿದುರನ ಕಥೆ ನೆನಪಾಗುತ್ತದೆ. ಯಾರ ಹೆಸರಿನ ಅಶ್ವತ್ಥವನ್ನು ಸಂತಾನಾರ್ಥಿಗಳು ಸುತ್ತುತ್ತಾರೋ ಆ ವಿದುರನೇ ನಿಯೋಗದಿಂದ ಹುಟ್ಟಿದವನು. ವಿಚಿತ್ರವೀರ್ಯನು ಮಕ್ಕಳಿಲ್ಲದೆ ತೀರಿಕೊಂಡಾಗ ಸತ್ಯವತಿಯು ವ್ಯಾಸನನ್ನು ಕರೆಸಿದಳು. ಅಂಬಿಕೆ ಭಯದಿಂದ ಕಣ್ಣು ಮುಚ್ಚಿದಳು, ಅಂಬಾಲಿಕೆ ಬಿಳಿಚಿಕೊಂಡಳು. ಎರಡನೆಯ ಬಾರಿ ಅಂಬಿಕೆ ತಾನು ಹೋಗದೆ ದಾಸಿಯನ್ನು ಕಳುಹಿಸಿದಳು. ಅಂಜದೆ ಋಷಿಯನ್ನು ಆದರಿಸಿದ ಆ ದಾಸಿಗೆ ಹುಟ್ಟಿದವನು ವಿದುರ. ತಾಯಿಯ ಭಯದಿಂದ ಮಗು ಕುರುಡಾಗುತ್ತದೆಂಬುದು ವೈದ್ಯಶಾಸ್ತ್ರ ಒಪ್ಪುವ ಮಾತಲ್ಲ. ಆದರೆ ವಂಶದ ಚಿಂತೆಯಲ್ಲಿ ಮುಳುಗಿದ್ದ ಹಿರಿಯರು ಆ ಸೊಸೆಯಂದಿರ ಮನಸ್ಸನ್ನು ಅರಿಯದೆ ಹೋದರೆಂಬ ಸತ್ಯವನ್ನು ಮಹಾಭಾರತ ಮುಚ್ಚಿಡಲಿಲ್ಲ. ಇಂದಿಗೂ ಕೆಲವು ಮನೆಗಳಲ್ಲಿ ‘ಮನೆಯ ಮಾತು ಮನೆಯಲ್ಲೇ ಇರಲಿ’ ಎಂದು ಮೈದುನನ ಅಥವಾ ಪರಿಚಿತನೊಬ್ಬನ ವೀರ್ಯವನ್ನು ಗುಟ್ಟಾಗಿ ತರುವ ಯೋಚನೆ ಹುಟ್ಟೀತು. ಇದು ಮಾಡಲೇಬಾರದ ಕೆಲಸ.

ಕಾರಣಗಳು ಸ್ಪಷ್ಟವಾಗಿವೆ. ನೋಡಲು ಆರೋಗ್ಯವಂತನಾದವನಲ್ಲಿಯೂ ಎಚ್‌ಐವಿ, ಕಾಮಾಲೆ, ಸಿಫಿಲಿಸ್ ಇರಬಹುದು. ಹೊಸದಾಗಿ ತಗುಲಿದ ಸೋಂಕು ಕೆಲವು ವಾರಗಳ ತನಕ ಪರೀಕ್ಷೆಯಲ್ಲಿಯೂ ಕಾಣದಿರಬಹುದು. ತಾಜಾ ವೀರ್ಯದಿಂದ ಆ ರೋಗ ತಾಯಿಗೂ ಅವಳಿಂದ ಮಗುವಿಗೂ ಹೋಗುತ್ತದೆ. ಎರಡನೆಯದು ಕಾನೂನು. 2022ರ ಜನವರಿ 25ರಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯಿದೆ, 2021ರ ಪ್ರಕಾರ, ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು. ದಾನಿಗೆ 21ರಿಂದ 55 ವರ್ಷ ವಯಸ್ಸಾಗಿರಬೇಕು, ರೋಗಗಳ ಪರೀಕ್ಷೆಯಾಗಿರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗಳಿಗೆ ಕೊಡುವಂತಿಲ್ಲ. ಹೀಗೆ ಹುಟ್ಟಿದ ಮಗು ಕಾನೂನಿನ ಕಣ್ಣಿನಲ್ಲಿ ಆ ದಂಪತಿಗಳದೇ ಮಗು. ದಾನಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಗುಟ್ಟಾಗಿ ಮನೆಯಲ್ಲಿ ಮಾಡಿದ ಕೆಲಸಕ್ಕೆ ಈ ರಕ್ಷಣೆಯಿಲ್ಲ. ನಾಳೆ ಆಸ್ತಿಯ ವ್ಯಾಜ್ಯ ಬಂದಾಗ, ಮನಸ್ತಾಪ ಬಂದಾಗ, ಮಗುವನ್ನು ಮುಂದಿಟ್ಟುಕೊಂಡು ಹಗೆ ಸಾಧಿಸುವವರು ಹುಟ್ಟಿಕೊಂಡಾರು. ಅದೇ ರೀತಿ, ಗಂಡುಮಗುವೇ ಆಗುವಂತೆ ಮದ್ದು ಕೊಡುತ್ತೇವೆ, ದಿನ ಹೇಳುತ್ತೇವೆ ಎನ್ನುವವರನ್ನು ದೂರವಿಡಬೇಕು. ಗರ್ಭಕ್ಕೆ ಮುಂಚಿನ ಲಿಂಗ ಆಯ್ಕೆಯೂ 1994ರ ಕಾಯಿದೆ 2003ರಲ್ಲಿ ತಿದ್ದುಪಡಿಯಾದಂದಿನಿಂದ ಅಪರಾಧವಾಗಿದೆ.

ಕೊನೆಯದಾಗಿ ಮನಸ್ಸಿನ ಮಾತು. ‘ಚಿಂತೆ ಬಿಟ್ಟರೆ ಮಕ್ಕಳಾಗುತ್ತವೆ’ ಎಂದು ಬಂಧುಗಳು ಸಲೀಸಾಗಿ ಹೇಳುತ್ತಾರೆ. ಇದು ಉಪದೇಶದ ವೇಷದಲ್ಲಿರುವ ಇನ್ನೊಂದು ದೂಷಣೆ. ಮಕ್ಕಳಾಗದಿದ್ದರೆ ಚಿಂತಿಸಿದ ತಪ್ಪೂ ಅವಳದೇ ಎಂದಾಗುತ್ತದೆ. ಶಾಂತವಾಗಿರಬೇಕೆಂದು ನಾನು ಹೇಳುವುದು ಅದರಿಂದ ಗರ್ಭ ನಿಲ್ಲುತ್ತದೆಂಬ ಭರವಸೆಯಿಂದಲ್ಲ. ಆತುರದಲ್ಲಿ ಕೈ ತೊಳೆಯುವುದು ಮರೆತುಹೋಗುತ್ತದೆ, ನೋವಾದರೂ ತಡೆದುಕೊಳ್ಳುವಂತಾಗುತ್ತದೆ, ಗಡುವು ಮೀರಿಹೋಗುತ್ತದೆ, ಗಂಡ ಹೆಂಡಿರ ನಡುವಿನ ಸಲಿಗೆ ಒಣಗುತ್ತದೆ. ಅದಕ್ಕಾಗಿ ಶಾಂತಿ ಬೇಕು. ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಯಾರೂ ಕರೆಯದ ಒಂದು ಗಂಟೆ – ಕೂಡುಕುಟುಂಬದಲ್ಲಿ ಇದೂ ದುರ್ಲಭ. ಈ ವಿಷಯವನ್ನು ಮನೆಯಲ್ಲಿ ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ಇಬ್ಬರೂ ಕೂಡಿಯೇ ನಿರ್ಧರಿಸಲಿ. ಇಂದು ಬೇಡವೆಂದು ಒಬ್ಬರಿಗೆ ಅನ್ನಿಸಿದರೆ ಇನ್ನೊಬ್ಬರು ಕಾರಣ ಕೇಳದೆ ಒಪ್ಪಲಿ. ಮುಟ್ಟಾದ ದಿನ ಅಳು ಬಂದರೆ ಅತ್ತುಬಿಡಲಿ. ಆ ದಿನ ಅಡಿಗೆಯ ಕೆಲಸವನ್ನು ಗಂಡನೇ ಮಾಡಿದರೆ ಸಾವಿರ ಸಮಾಧಾನದ ಮಾತುಗಳಿಗೆ ಅದು ಸಮ. ದುಃಖ ಮಿತಿಮೀರಿದರೆ, ಊಟ ನಿದ್ರೆಗಳು ದೂರವಾದರೆ, 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಕರೆ ಮಾಡಬಹುದು. 2022ರಲ್ಲಿ ಪ್ರಾರಂಭವಾದ ಈ ಸರ್ಕಾರಿ ಸೇವೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲ ಪ್ರಯತ್ನಗಳಿಗೂ ಫಲ ಸಿಗಬೇಕೆಂಬ ನಿಯಮವಿಲ್ಲ. ದತ್ತು ಮಗುವಿನಿಂದ ತುಂಬಿದ ಮನೆಗಳಿವೆ. ಮಕ್ಕಳಿಲ್ಲದೆಯೂ ಒಬ್ಬರಿಗೊಬ್ಬರು ಆಸರೆಯಾಗಿ ತುಂಬುಬಾಳು ಬಾಳಿದವರಿದ್ದಾರೆ. ಪ್ರಯತ್ನಕ್ಕಿಳಿಯುವ ದಂಪತಿಗಳು ಮೊದಲ ದಿನವೇ ಒಂದು ಮಾತನ್ನು ಪರಸ್ಪರ ಕೊಟ್ಟುಕೊಳ್ಳಲಿ: ಮಗು ಬಂದರೂ ಬಾರದಿದ್ದರೂ ನಾವಿಬ್ಬರೂ ಒಂದೇ ಕಡೆ ಇರುತ್ತೇವೆ ಎಂದು. ವಿದುರಾಶ್ವತ್ಥದಲ್ಲಿ ನಾಗರ ಕಲ್ಲನ್ನು ಪ್ರತಿಷ್ಠೆ ಮಾಡುವಾಗ ಗಂಡ ಹೆಂಡಿರು ಜೊತೆಯಾಗಿಯೇ ಮಣೆಯ ಮೇಲೆ ಕೂರುತ್ತಾರೆ. ಅಲ್ಲಿಂದ ಇಳಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂರುವಾಗಲೂ ಅವರು ಹಾಗೆಯೇ ಜೊತೆಯಾಗಿ ಕೂರಲಿ ಎಂಬುದಷ್ಟೇ ನನ್ನ ಹಾರೈಕೆ.